ಒಂದೇ ಗೆರೆ ಎಳೆಯಬೇಡಿ

ಧರ್ಮನಿಷ್ಠರೆಲ್ಲ ದಯಾಮರಣವನ್ನೂ ಆತ್ಮಹತ್ಯೆಯನ್ನೂ ಒಂದೇ ಸಮ ವಿರೋಧಿಸುತ್ತಾರೆ ಎಂದು ಸಮೀಕ್ಷೆಯೊಂದರ ಆಧಾರದ ಮೇಲೆ ನಿಮ್ಮ ಲೇಖನ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಗೆ ಹೋಗಿ ನೋಡಿ, ಸಲ್ಲೇಖನದಿಂದ, ಅಂದರೆ ಅನ್ನ-ನೀರನ್ನು ಕ್ರಮೇಣ ತ್ಯಜಿಸಿ, ದೇಹ ಬಿಟ್ಟವರ ಶಾಸನಗಳು ಬಂಡೆಯ ಮೇಲೆಯೇ ಇವೆ. ಜೈನರ ಪಾಲಿಗೆ ಅದು ವ್ರತ, ಆತ್ಮಹತ್ಯೆಯಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಎಂದಾಗ ಜೈನ ಸಮುದಾಯ ಬೀದಿಗಿಳಿಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಕ್ಯಾಥೊಲಿಕ್ ಚರ್ಚ್ ಕೂಡ ದಯಾಮರಣವನ್ನು ಖಂಡಿಸಿದ 1980ರ ಘೋಷಣೆಯಲ್ಲೇ, ಸಾವು ಸನ್ನಿಹಿತವಾದಾಗ ನರಳಾಟವನ್ನಷ್ಟೇ ಬೆಳೆಸುವ ಚಿಕಿತ್ಸೆಯನ್ನು ನಿರಾಕರಿಸಬಹುದು ಎಂದಿದೆ. ಚುಚ್ಚುಮದ್ದು ಕೊಟ್ಟು ಸಾಯಿಸುವುದನ್ನೂ ವೆಂಟಿಲೇಟರ್ ತೆಗೆಯುವುದನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿ ಜನರ ಧರ್ಮ ಕೇಳಿದರೆ ಬರುವ ಉತ್ತರಕ್ಕೆ ಏನು ಅರ್ಥ? ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದೂ ಎರಡನೆಯದನ್ನು ಮಾತ್ರ. ದಯವಿಟ್ಟು ಅವೆರಡನ್ನೂ ಪ್ರತ್ಯೇಕವಾಗಿ ಬರೆಯಿರಿ.