ಪಾಪ, ಬಿಎಸ್ಸಿನಾ?

ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡ ಮಕ್ಕಳಿಗೆ ನಮ್ಮ ಕಡೆ ಎರಡೇ ಭವಿಷ್ಯ. ಒಂದು ಡಾಕ್ಟರು. ಇನ್ನೊಂದು ‘ಪಾಪ’.

ಮದುವೆ ಮನೆಯಲ್ಲಿ ಕೇಳಿ ನೋಡಿ. "ಮಗಳು ಏನ್ ಓದ್ತಿದ್ದಾಳೆ?" "ಎಂಬಿಬಿಎಸ್." ತಕ್ಷಣ ಕುರ್ಚಿ ಬರುತ್ತದೆ, ಫ್ಯಾನ್ ಈ ಕಡೆ ತಿರುಗುತ್ತದೆ. "ನಿಮ್ಮ ಮಗಳು?" "ಬಿಎಸ್ಸಿ, ಬಾಟನಿ." "ಪಾಪ, ನೀಟ್ ಆಗ್ಲಿಲ್ವಾ?" ಆ ಹುಡುಗಿ ನೀಟ್ ಬರೆದೇ ಇಲ್ಲ, ಗಿಡ ಮರ ಅಂದ್ರೆ ಇಷ್ಟ ಅಂತ ಸೇರಿದ್ದಾಳೆ ಎಂದರೆ ಯಾರೂ ನಂಬುವುದಿಲ್ಲ. ನಂಬಿದವರು ಇನ್ನೂ ಜಾಸ್ತಿ ಪಾಪ ಅನ್ನುತ್ತಾರೆ.

2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಮೇಲೆ. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷದ ಆಸುಪಾಸು. ಒಟ್ಟು 720 ಅಂಕದಲ್ಲಿ 360 ಅಂಕ ಜೀವಶಾಸ್ತ್ರದ್ದೇ. ಅಂದರೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಜೀವಶಾಸ್ತ್ರವನ್ನು ಒಂದು ಗೆರೆ ಬಿಡದೆ ಬಾಯಿಪಾಠ ಮಾಡಿ, ಫಲಿತಾಂಶದ ಮರುದಿನ ಅದರ ಮುಖ ನೋಡಲೂ ಒಲ್ಲೆ ಅನ್ನುತ್ತಾರೆ. ಪಠ್ಯಕ್ರಮ ಮಾಡಿದವರೂ ಅಷ್ಟೇ ಪ್ರೀತಿಯಿಂದ ಮಾಡಿದ್ದರು. ಆ ವರ್ಷದ ನೀಟ್ ಪಠ್ಯಕ್ರಮದಲ್ಲಿ ‘ಒಂದು ಕೀಟ (ಕಪ್ಪೆ)’ ಎಂದು ಅಚ್ಚಾಗಿತ್ತು. ಮೊದಲು ಆ ಜಾಗದಲ್ಲಿ ಜಿರಳೆ ಇತ್ತು. ಜಿರಳೆಯನ್ನು ತೆಗೆದು ಕಪ್ಪೆಯನ್ನು ಕೂರಿಸಿದರು, ಕೀಟ ಅನ್ನುವುದನ್ನು ತೆಗೆಯಲು ಮರೆತರು. ದೇಶದ ಮುಂದಿನ ಡಾಕ್ಟರುಗಳನ್ನು ಆರಿಸುವ ಪರೀಕ್ಷೆ ಇದು. ಮಕ್ಕಳು ತಪ್ಪು ಟಿಕ್ ಮಾಡಿದರೆ ಒಂದು ಅಂಕ ಕಟ್. ಪಠ್ಯಕ್ರಮಕ್ಕೆ ನೆಗೆಟಿವ್ ಮಾರ್ಕಿಂಗ್ ಇಲ್ಲ.

ಸೀಟು ಸಿಗದವರಲ್ಲಿ ಒಂದಷ್ಟು ಜನ ಲಾಂಗ್ ಟರ್ಮ್ ಕೋಚಿಂಗಿಗೆ ಹೋಗುತ್ತಾರೆ. ಉಳಿದವರು ಡಿಗ್ರಿ ಕಾಲೇಜಿಗೆ ಬರುತ್ತಾರೆ. ಇಲ್ಲಿ ಆಯ್ಕೆಗೆ ಬರಗಾಲವೇ ಇಲ್ಲ. ಹಿಂದೆ ಸಿಬಿಝಡ್ ಒಂದೇ ಇತ್ತು: ಕೆಮಿಸ್ಟ್ರಿ, ಬಾಟನಿ, ಝೂಆಲಜಿ. ಈಗ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್. ಅಡ್ಮಿಷನ್ ಕೌಂಟರಿನ ಮುಂದೆ ನಿಂತರೆ ದರ್ಶಿನಿಯಲ್ಲಿ ಟೋಕನ್ ತಗೊಂಡ ಹಾಗೇ ಇರುತ್ತದೆ. "ಸಿ ಇರಲಿ, ಬಿ ಬೇಡ, ಬಿಟಿ ಹಾಕಿ, ಝಡ್ ಖಾಲಿಯಾಗಿದ್ರೆ ಎಂಬಿ ಕೊಡಿ." ಯಾವುದು ತಗೊಂಡರೆ ಯಾವ ಕೆಲಸ ಅಂತ ಕೇಳಬೇಡಿ. ಹಿಂದೆ ಕ್ಯೂ ಇದೆ.

ಈ ಬಿಟಿ ಬಂದ ಕಥೆ ಚೆನ್ನಾಗಿದೆ. 2001ರಲ್ಲಿ ಕರ್ನಾಟಕ ಸರ್ಕಾರ ಬಯೋಟೆಕ್ ನೀತಿ ತಂದಿತು. ಐಟಿ ಆಯಿತು, ಇನ್ನು ಬಿಟಿ ಅಂದರು. ಪ್ರಾಸ ಸರಿ ಕೂತಿತ್ತು, ಅಷ್ಟು ಸಾಕಾಯಿತು. ಕಾಲೇಜುಗಳು ಊರೂರಲ್ಲಿ ಬಯೋಟೆಕ್ ಶುರು ಮಾಡಿದವು. ಡಿಎನ್ಎ ನಕಲು ಮಾಡುವ ಪಿಸಿಆರ್ ಮಷೀನ್ ಎಷ್ಟೋ ಕಡೆ ಪ್ರಿನ್ಸಿಪಾಲರ ರೂಮಿನಲ್ಲೇ ಇತ್ತು. ಅದನ್ನು ಮುಟ್ಟಿದರೆ ಕೆಡುತ್ತದೆ ಎಂದು ಮಕ್ಕಳು ಚಿತ್ರ ಬಿಡಿಸಿ ಪಾಸಾದರು. ಕಂಪನಿಗಳು ಇವರನ್ನು ನೋಡಿ "ಕೈಯಲ್ಲಿ ಪೈಪೆಟ್ ಹಿಡಿದಿದ್ದೀರಾ?" ಎಂದವು. ಕೊನೆಗೆ ಬಯೋಟೆಕ್ ಓದಿದವರಿಗೆ ಬಯೋಟೆಕ್ ಕೆಲಸ ಕಲಿಸಲು ಸರ್ಕಾರವೇ ಬಯೋಟೆಕ್ ಫಿನಿಷಿಂಗ್ ಸ್ಕೂಲ್ ತೆರೆಯಬೇಕಾಯಿತು. ಅದಕ್ಕೆ ಮೊದಲು ಐದು ವರ್ಷ ಓದಿದ್ದು ಏನು ಅಂತ ಯಾರೂ ಕೇಳಲಿಲ್ಲ. ಕೇಳುವವರೂ ಅದನ್ನೇ ಓದಿದ್ದರು.

ಅಷ್ಟೂ ವರ್ಷ ಓರಿಯೆಂಟೇಷನ್ ದಿನದ ಭಾಷಣದಲ್ಲಿ ಒಂದೇ ಹೆಸರು: ಕಿರಣ್ ಮಜುಂದಾರ್ ಶಾ. ಬೆಂಗಳೂರಲ್ಲಿ ಝೂಆಲಜಿ ಓದಿದವರು, 1978ರಲ್ಲಿ ಒಂದು ಗ್ಯಾರೇಜಿನಲ್ಲಿ 10 ಸಾವಿರ ರೂಪಾಯಿಯಲ್ಲಿ ಬಯೋಕಾನ್ ಶುರು ಮಾಡಿದವರು. ನಿಜವಾದ ಸಾಧನೆ, ಎರಡು ಮಾತಿಲ್ಲ. ಆದರೆ ಮಧ್ಯದ ಒಂದು ಅಧ್ಯಾಯವನ್ನು ಭಾಷಣಕಾರರು ನುಂಗಿಬಿಡುತ್ತಾರೆ. ಡಾಕ್ಟರಾಗಬೇಕು ಅಂದುಕೊಂಡಿದ್ದ ಅವರು ಝೂಆಲಜಿ ಮುಗಿಸಿ ಆಸ್ಟ್ರೇಲಿಯಾಕ್ಕೆ ಹೋಗಿ ಕಲಿತದ್ದು ಬಿಯರ್ ತಯಾರಿಸುವುದನ್ನು. ಮರಳಿ ಬಂದರೆ, ಹೆಣ್ಣುಮಗಳಿಗೆ ಬ್ರೂ ಮಾಸ್ಟರ್ ಕೆಲಸ ಕೊಡಲು ಇಲ್ಲಿನವರು ತಯಾರಿರಲಿಲ್ಲ. ಆಮೇಲೆ ಬಯೋಕಾನ್. ಅಂದರೆ ಈ ದಾರಿಯಲ್ಲಿ ಹೋಗು ಅಂತ ಮಗಳಿಗೆ ಹೇಳುವ ತಂದೆ ಮೊದಲು ಬಿಯರ್ ಕಲಿಯಲು ಕಳಿಸಬೇಕು. ಹಾಸನದಲ್ಲೋ ಹಾವೇರಿಯಲ್ಲೋ ಪೋಷಕರ ಸಭೆಯಲ್ಲಿ ಇದನ್ನು ಯಾರು ಹೇಳುತ್ತಾರೆ?

ಆಯ್ಕೆ ಮಾಡಿದ್ದಾಯಿತು ಅಂದುಕೊಂಡರೆ ಆಯ್ಕೆಯೇ ಬದಲಾಗುತ್ತದೆ. 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದೆವು ಅಂತ ನಾವು ಬೆನ್ನು ತಟ್ಟಿಕೊಂಡೆವು. ಡಿಗ್ರಿ ನಾಲ್ಕು ವರ್ಷವಾಯಿತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಯಾವಾಗ ಬಿಟ್ಟರೂ ಕೈಯಲ್ಲೊಂದು ಕಾಗದ. ಮೂರು ವಿಷಯ ಎರಡಾಯಿತು. ಸಿಬಿಝಡ್‌ನವರಿಗೆ ದೊಡ್ಡ ಪೀಕಲಾಟ. ಸಿ ಬಿಡುವುದಾ, ಬಿ ಬಿಡುವುದಾ, ಝಡ್ ಬಿಡುವುದಾ? ಕೆಮಿಸ್ಟ್ರಿ ಬಿಟ್ಟವರು ಕಿಣ್ವ ಅಂದರೆ ಬೆಪ್ಪಾಗಿ ನೋಡಿದರು. ಝೂಆಲಜಿ ಬಿಟ್ಟವರಿಗೆ ಪರಾಗಸ್ಪರ್ಶಕ್ಕೆ ಬರುವ ದುಂಬಿ ಬೇರೆ ಡಿಪಾರ್ಟ್‌ಮೆಂಟಿನದಾಯಿತು. ಬಿಟ್ಟ ವಿಷಯಕ್ಕೆ ಸಮಾಧಾನವಾಗಿ ಓಪನ್ ಎಲೆಕ್ಟಿವ್ ಅಂತ ಒಂದು ಕೊಟ್ಟರು. ಕಪ್ಪೆ ಓದುವ ಹುಡುಗ ಟೂರಿಸಂ ಕಲಿತ. 2023ರಲ್ಲಿ ಸರ್ಕಾರ ಬದಲಾಯಿತು, 2024ರಲ್ಲಿ ಡಿಗ್ರಿ ಮತ್ತೆ ಮೂರು ವರ್ಷವಾಯಿತು. ಒಂದೇ ಕಾರಿಡಾರಿನಲ್ಲಿ ಅಕ್ಕನಿಗೆ ಒಂದು ಸ್ಕೀಮು, ತಂಗಿಗೆ ಇನ್ನೊಂದು. ಇಬ್ಬರೂ ಅದೇ ಈರುಳ್ಳಿ ಬೇರಿನ ತುದಿ ಕತ್ತರಿಸಿ ಅದೇ ಮೈಟೋಸಿಸ್, ಅಂದರೆ ಕೋಶ ವಿಭಜನೆ, ಹುಡುಕುತ್ತಿದ್ದರು. ಈರುಳ್ಳಿಗೆ ಮಾತ್ರ ಯಾವ ಸುತ್ತೋಲೆಯೂ ಬರಲಿಲ್ಲ.

ಹೈಸ್ಕೂಲಿನಲ್ಲಿ ಇವತ್ತಿಗೂ ಸಿಬಿಝಡ್ ಮೇಷ್ಟ್ರು, ಪಿಸಿಎಂ ಮೇಷ್ಟ್ರು ಅಂತಲೇ ಕರೆಯುತ್ತಾರೆ. ಮಧ್ಯದ ಮೂರು ಬ್ಯಾಚಿನವರನ್ನು ಏನಂತ ಕರೆಯಬೇಕೋ.

ಲ್ಯಾಬ್ ಬಗ್ಗೆ ಒಂದು ಮಾತು. 2014ರಲ್ಲಿ ಯುಜಿಸಿ ಪ್ರಾಣಿಗಳ ಡಿಸೆಕ್ಷನ್ ನಿಲ್ಲಿಸಿತು. ಕಪ್ಪೆಗಳ ಪರವಾಗಿ ನಾನೂ ಸಂತೋಷ ಪಟ್ಟೆ. ಆದರೆ ಅದರ ಬದಲಿಗೆ ಬರಬೇಕಿದ್ದ ಕಂಪ್ಯೂಟರ್ ಸಿಮ್ಯುಲೇಷನ್ ಎಷ್ಟೋ ಕಾಲೇಜಿಗೆ ಬರಲೇ ಇಲ್ಲ. ಬಂದದ್ದು ಚಾರ್ಟು. ಈಗ ಝೂಆಲಜಿ ಪದವೀಧರ ಅಂದರೆ ಚಾರ್ಟು ನೋಡಿ ರೆಕಾರ್ಡ್ ಬುಕ್ಕಿನಲ್ಲಿ ಎಚ್‌ಬಿ ಪೆನ್ಸಿಲಿನಿಂದ ಕಪ್ಪೆ ಬಿಡಿಸಿ, ಬಲಗಡೆ ಸ್ಕೇಲ್ ಇಟ್ಟು ಲೇಬಲ್ ಬರೆಯುವವನು. ಲೇಬಲಿನ ಗೆರೆಗಳು ಒಂದರ ಮೇಲೊಂದು ಹಾಯಬಾರದು. ಹಾದರೆ ರೆಕಾರ್ಡಿಗೆ ಸೈನ್ ಇಲ್ಲ. ಜಿರಳೆಯ ಹೃದಯಕ್ಕೆ 13 ಕೋಣೆ ಅಂತ ಅವನಿಗೆ ಗೊತ್ತು. ಅದನ್ನು ಅವನು ಜಿರಳೆಯಲ್ಲಿ ನೋಡಿಲ್ಲ.

ಬಿಎಸ್ಸಿ ಅಗ್ರಿ ಕಥೆ ಬೇರೆ. ಅದಕ್ಕೆ ಯಾರೂ ಪಾಪ ಅನ್ನುವುದಿಲ್ಲ, ಸೀಟಿಗೆ ನೂಕುನುಗ್ಗಲು. ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಬೇಕು. ಒಳ್ಳೆಯ ಯೋಚನೆ ಅಲ್ವಾ? ನಮ್ಮವರು ಇದಕ್ಕೂ ಕೋಚಿಂಗ್ ಶುರು ಮಾಡಿದರು. ಪಹಣಿ ಊರಲ್ಲಿ, ಪಹಣಿಯ ವಾರಸುದಾರ ಜಯನಗರದಲ್ಲಿ. ಅವನು ಸಾಮೆ, ನವಣೆ, ಹಾರಕವನ್ನು ಜಿಪ್ ಕವರಿನಲ್ಲಿ ಹಾಕಿಕೊಂಡು ಮೊಬೈಲ್ ವಿಡಿಯೋ ನೋಡಿ ಉರು ಹೊಡೆಯುತ್ತಾನೆ. ನಿಜವಾಗಿ ಹೊಲದಲ್ಲಿ ದುಡಿದ ಹುಡುಗ ಪರೀಕ್ಷೆಯ ಹಾಲಿನಲ್ಲಿ ಕುಂಟೆಯ ಮುಂದೆ ನಿಂತು ಯೋಚನೆ ಮಾಡುತ್ತಾನೆ: ನಮ್ಮೂರಿನ ಹೆಸರು ಬರೆಯಬೇಕಾ, ಪುಸ್ತಕದ ಹೆಸರಾ? ನಾಲ್ಕು ವರ್ಷ ಅಗ್ರಿ ಮುಗಿಸಿದ ಮೇಲೆ ಇಬ್ಬರೂ ಸೇರುವುದು ಕೆಎಎಸ್ ಕೋಚಿಂಗಿಗೆ. ಇಲ್ಲವಾದರೆ ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆಗೆ. ಬೇಸಾಯಕ್ಕೆ ಮಾತ್ರ ಅಲ್ಲ. ಅದಕ್ಕೆ ಓದು ಬೇಕಿಲ್ಲವಂತೆ.

ಕಾಡಿಗೆ ಹೋಗಬೇಕು ಅನ್ನುವವರಿಗೆ ಭಾರತೀಯ ಅರಣ್ಯ ಸೇವೆ ಇದೆ. ಬಾಟನಿ ಓದಿದರೆ ಅರ್ಹತೆ ಉಂಟು. ಝೂಆಲಜಿ ಓದಿದರೂ ಉಂಟು. ಎಂಜಿನಿಯರಿಂಗ್ ಓದಿದರೂ ಉಂಟು! ಹಾಗಾಗಿ ಹೊನ್ನೆ ಯಾವುದು, ಮತ್ತಿ ಯಾವುದು ಅಂತ ತೊಗಟೆ ನೋಡಿ ಹೇಳುವ ಹುಡುಗ ಪ್ರಿಲಿಮ್ಸ್‌ನಲ್ಲಿ ಗಣಿತಕ್ಕೆ ಸೋತು ವಾಪಸ್ ಬರುತ್ತಾನೆ. ಕಂಪ್ಯೂಟರ್ ಸೈನ್ಸ್ ಓದಿದವನು ಜೀಪು ಹತ್ತುತ್ತಾನೆ.

ಇನ್ನು ಕೆಲಸದ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಜೀವಶಾಸ್ತ್ರ ಪದವೀಧರರಿಗೆ ಕೆಂಪು ಹಾಸು ಹಾಸಿ ಕರೆಯುವ ಜಾಗ ಒಂದಿದೆ. ಜಾಹೀರಾತಿನಲ್ಲೇ ಬರೆದಿರುತ್ತಾರೆ, ‘ಲೈಫ್ ಸೈನ್ಸ್‌ನವರಿಗೆ ಆದ್ಯತೆ’. ಅದೇ ಮೆಡಿಕಲ್ ಕೋಡಿಂಗ್.

ಗೊತ್ತಿಲ್ಲದವರಿಗಾಗಿ: ಅಮೆರಿಕದಲ್ಲಿ ಒಬ್ಬ ಆಸ್ಪತ್ರೆಗೆ ಹೋದರೆ ಅವನಿಗೆ ಏನಾಯಿತು ಅನ್ನುವುದನ್ನು ಕೋಡ್ ಮಾಡಿ ವಿಮಾ ಕಂಪನಿಗೆ ಕಳಿಸಬೇಕು. ಆಗಲೇ ದುಡ್ಡು. ಅಲ್ಲಿ 2015ರ ಅಕ್ಟೋಬರಿನಿಂದ ನಡೆಯುತ್ತಿರುವ ಪಟ್ಟಿಯಲ್ಲಿ ಸುಮಾರು 70 ಸಾವಿರ ಕೋಡುಗಳಿವೆ. ಅಲ್ಲಿ ಹಗಲಾದಾಗ ಡಾಕ್ಟರು ಬರೆಯುತ್ತಾರೆ, ಇಲ್ಲಿ ನಮ್ಮ ಬಿಎಸ್ಸಿ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಕೋಡ್ ಹುಡುಕುತ್ತಾಳೆ. ಜ್ವರ, ಸಕ್ಕರೆ ಕಾಯಿಲೆ ಎಲ್ಲ ಸರಿ. ಆದರೆ ಪಟ್ಟಿಯ ಕೊನೆಯ ಭಾಗಕ್ಕೆ ಬನ್ನಿ. ಬಾತುಕೋಳಿ ಕಚ್ಚಿದರೆ ಡಬ್ಲ್ಯೂ 61.61. ಬಾತುಕೋಳಿ ಹೊಡೆದರೆ ಡಬ್ಲ್ಯೂ 61.62. ಕಚ್ಚಲೂ ಇಲ್ಲ, ಹೊಡೆಯಲೂ ಇಲ್ಲ, ಬೇರೆ ಏನೋ ಮಾಡಿತು ಅಂದರೆ ಡಬ್ಲ್ಯೂ 61.69. ಹೊಡೆಸಿಕೊಂಡವನು ಮೊದಲ ಸಲ ಬಂದಿದ್ದರೆ ಕೊನೆಯಲ್ಲಿ ಎ, ಮತ್ತೆ ತೋರಿಸಲು ಬಂದರೆ ಡಿ, ಆ ಏಟಿನಿಂದ ಆಮೇಲೆ ಬೇರೇನಾದರೂ ಆದರೆ ಎಸ್. ವಿಮಾನದ ಎಂಜಿನ್ನಿನೊಳಗೆ ಎಳೆದುಕೊಂಡು ಹೋದವನಿಗೂ ಕೋಡ್ ಇದೆ. ಅವನು ಎರಡನೇ ಸಲ ತೋರಿಸಲು ಬಂದರೆ ಅದಕ್ಕೂ ಇದೆ. ನೀರಿನ ಮೇಲೆ ಸ್ಕೀಯಿಂಗ್ ಮಾಡುವಾಗ ಸ್ಕೀಗೆ ಬೆಂಕಿ ಹತ್ತಿಕೊಂಡು ಸುಟ್ಟರೆ ವಿ 91.07. ಅತ್ತೆ ಮಾವನ ಜೊತೆ ಸರಿಬರದಿದ್ದರೆ ಝಡ್ 63.1. ಅಮೆರಿಕದವರು ಇದಕ್ಕೆ ನಂಬರ್ ಕೊಟ್ಟು ಮುಗಿಸಿದರು. ನಾವು ವರ್ಷಗಟ್ಟಲೆ ಧಾರಾವಾಹಿ ಎಳೆಯುತ್ತೇವೆ.

ಇಂಟರ್ವ್ಯೂನಲ್ಲಿ ಕೇಳುವುದು ಮನುಷ್ಯನ ಅನಾಟಮಿ. ಇವಳು ಓದಿದ್ದು ಎರೆಹುಳುವಿನದು. ಪರವಾಗಿಲ್ಲ, ಟ್ರೇನಿಂಗ್ ಕೊಡುತ್ತಾರೆ. ಬಾಟನಿಯವರನ್ನೂ ತಗೊಳ್ಳುತ್ತಾರೆ, ಬಯೋಟೆಕ್‌ನವರನ್ನೂ ತಗೊಳ್ಳುತ್ತಾರೆ. ಹದಿನೆಂಟರ ವಯಸ್ಸಿನಲ್ಲಿ ಕೌಂಟರಿನ ಮುಂದೆ ಬಿಟಿಯಾ, ಎಂಬಿಯಾ ಅಂತ ಅತ್ತು ಕರೆದು ಮಾಡಿದ ಆಯ್ಕೆಗಳೆಲ್ಲ ಒಂದೇ ಫ್ಲೋರಿನಲ್ಲಿ ಅಕ್ಕಪಕ್ಕ ಕೂತು ಬಾತುಕೋಳಿ ಎಣಿಸುತ್ತವೆ. ಕೆಲಸವನ್ನು ನಾನು ಹೀಗಳೆಯುತ್ತಿಲ್ಲ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ಕ್ಯಾಬ್ ಕಳಿಸುತ್ತಾರೆ, ಮನೆಯ ಸಾಲ ತೀರುತ್ತದೆ. ಮೂರು ವರ್ಷ ಪಾಠ ಹೇಳಿದ ಅತಿಥಿ ಉಪನ್ಯಾಸಕರಿಗಿಂತ ಆ ಶಿಷ್ಯೆಗೇ ನಾಳೆಯ ಬಗ್ಗೆ ಧೈರ್ಯ ಜಾಸ್ತಿ. ಸೆಮಿಸ್ಟರ್ ಮುಗಿದರೆ ಸರ್‌ಗೆ ಗೌರವಧನವೂ ನಿಲ್ಲುತ್ತದೆ. ಎಂಎಸ್ಸಿ, ನೆಟ್, ಪಿಎಚ್‌ಡಿ ಮುಗಿಸಿ ವರ್ಷವರ್ಷ ಹೊಸದಾಗಿ ಅರ್ಜಿ ಹಾಕುವ ಅವರು ಯಾವ ಕೋಡಿಗೆ ಬರುತ್ತಾರೋ ಹುಡುಕಿ ನೋಡಬೇಕು.

ಮೆಡಿಕಲ್ ರೆಪ್ ಕೆಲಸವೂ ಇದೆ. ಟೈ ಕಟ್ಟಿಕೊಂಡು ಕ್ಲಿನಿಕ್ಕಿನ ಹೊರಗೆ ಸ್ಯಾಂಪಲ್ ಬ್ಯಾಗಿನ ಜೊತೆ ಕಾಯುವುದು. ಒಳಗಿರುವ ಡಾಕ್ಟರು ಪಿಯುಸಿಯಲ್ಲಿ ಪಕ್ಕದ ಬೆಂಚಿನವನು. ಇಬ್ಬರೂ ಗುರುತಿಲ್ಲದ ಹಾಗೆ ಮಾತಾಡುತ್ತಾರೆ. ಸಭ್ಯತೆ ಅಂದರೆ ಇದೇ ಇರಬೇಕು.

ಹಾಗಂತ ಕಾಲೇಜುಗಳು ಜೀವಶಾಸ್ತ್ರವನ್ನು ಕೈಬಿಟ್ಟಿಲ್ಲ. ಮೂಲೆಯ ಬಾಟನಿ ಲ್ಯಾಬನ್ನು ಬಿಸಿಎಗೆ ಕೊಟ್ಟಿರಬಹುದು, ಮೈಕ್ರೋಸ್ಕೋಪುಗಳು ಹೊದಿಕೆಯೊಳಗೆ ಮಲಗಿರಬಹುದು. ಆದರೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಾಟನಿ ಡಿಪಾರ್ಟ್‌ಮೆಂಟೇ. ಗ್ರೀನ್ ಆಡಿಟ್ ಆಗಬೇಕು. ಕ್ಯಾಂಪಸ್ಸಿನ ಪ್ರತಿ ಮರಕ್ಕೂ ಕ್ಯೂಆರ್ ಕೋಡ್ ಅಂಟಿಸಬೇಕು. ಸ್ಕ್ಯಾನ್ ಮಾಡಿದರೆ ಮರದ ವೈಜ್ಞಾನಿಕ ಹೆಸರು ಬರಬೇಕು. ಹೀಗೆ ಒಂದು ಕಾಲೇಜಿನಲ್ಲಿ ಹೊಂಗೆ ಮರದ ಬುಡದಲ್ಲಿ ಭಾರೀ ಚರ್ಚೆ ನಡೆಯಿತು. ಹಳೆಯ ರೆಕಾರ್ಡ್ ಬುಕ್ಕಿನಲ್ಲಿ ಡೆರಿಸ್ ಇಂಡಿಕಾ. ಲೈಬ್ರರಿಯ ಪುಸ್ತಕದಲ್ಲಿ ಮಿಲೆಟಿಯಾ ಪಿನ್ನಾಟಾ. ಹುಡುಗರ ಮೊಬೈಲಿನಲ್ಲಿ ಪೊಂಗಾಮಿಯಾ ಪಿನ್ನಾಟಾ. ಪ್ರಿನ್ಸಿಪಾಲರು ಬಂದು, ಯಾವುದಾದರೂ ಹಾಕಿ, ಸ್ಕ್ಯಾನ್ ಆಗಬೇಕು ಅಷ್ಟೇ, ಎಂದರು. ಕೆಳಗೆ ಅಂಟಿಸಿದರೆ ಹಸು ಮೈ ಉಜ್ಜಿ ಕಿತ್ತು ಹಾಕುತ್ತದೆ, ಸ್ವಲ್ಪ ಮೇಲೆ ಇರಲಿ ಎಂದೂ ಹೇಳಿದರು. ಫೈನಲ್ ಇಯರ್ ಹುಡುಗನೊಬ್ಬ ಕೊಂಬೆ ಹತ್ತಿದ. ಅಂಟಿಸಿದ. ಇಳಿಯುವಾಗ ಕಾಲು ಜಾರಿ ದೊಪ್ಪೆಂದು ಬಿದ್ದ.

ಎಲ್ಲರೂ ಓಡಿ ಬಂದರು. ಹಿಂದಿನ ತಿಂಗಳಷ್ಟೇ ಕೋಡಿಂಗ್ ಕ್ಲಾಸಿಗೆ ಸೇರಿದ್ದ ಅವನ ಗೆಳತಿ ಮಾತ್ರ ನಿಂತಲ್ಲೇ ಹೇಳಿದಳು:

"ಡಬ್ಲ್ಯೂ 14. ಮರದಿಂದ ಬೀಳುವುದು. ಮೊದಲ ಸಲ ಅಲ್ವಾ? ಕೊನೆಯಲ್ಲಿ ಎ."