ತೋರಿಸಿದ್ಯಾಕೆ, ಆಸೆ ಹುಟ್ಟಿಸಿದ್ಯಾಕೆ?

ಟಿವಿಗೆ ಹಾಕಿ ಗೇಮ್ ಆಡೋ ನನ್ನ ಹಳೇ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಮಾರಿಬಿಡೋಣ ಅಂತ ನಿನ್ನೆ ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಗೆ ಹೋಗಿದ್ದೆ. ಕೊನೆಗೂ ಬರದೇ ಹೋದ ‘ಸ್ಕೇಲ್‌ಬೌಂಡ್’ ಗೇಮ್‌ಗೆ ಅಂತ 2016ರಲ್ಲಿ ನನ್ನ ಹತ್ರ 1000 ರೂಪಾಯಿ ಮುಂಗಡ ಇಸ್ಕೊಂಡಿದ್ದು ಇದೇ ಅಂಗಡಿ. ಮಾಲೀಕರು ಬಾಕ್ಸ್ ತಿರುಗಿಸಿ ನೋಡಿ, ‘4000 ಕೊಡ್ತೀನಿ’ ಅಂದ್ರು.

‘ಸಾರ್, ನಂದು 1000 ಇನ್ನೂ ನಿಮ್ಮತ್ರಾನೇ ಐತೆ.’

‘ಅಯ್ಯೋ, ಯಾವ ಕಾಲದ್ದಪ್ಪಾ ಅದು!’

ಮೈಯೆಲ್ಲ ಉರಿದುಹೋಯ್ತು. ಮಾರದೇ ವಾಪಸ್ ತಂದೆ.

ಒಂದು ಗೇಮ್‌ಗೆ ಇಷ್ಟು ಸಂಕಟ ಯಾಕೆ ಅನ್ನೋರಿಗೆ ಹೇಳ್ತೀನಿ, ಕೇಳಿ. ‘ಡೆವಿಲ್ ಮೇ ಕ್ರೈ’, ‘ಬಯೊನೆಟ್ಟಾ’ ಗೇಮ್‌ಗಳನ್ನ ಮಾಡಿದ ಜಪಾನಿನ ಹಿದೇಕಿ ಕಮಿಯಾ ಇದರ ನಿರ್ದೇಶಕರು. 2014ರ ಜೂನ್‌ನಲ್ಲಿ ಅಮೆರಿಕದ ಇ3 ಅನ್ನೋ ಗೇಮ್ ಮೇಳದ ವೇದಿಕೆ ಮೇಲೆ ಟ್ರೇಲರ್ ಬಿಟ್ರು. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ ಹುಡುಗ ಡ್ರೂ, ಪಕ್ಕದಲ್ಲಿ ಮನೆಗಿಂತ ದೊಡ್ಡ ಡ್ರ್ಯಾಗನ್, ಹೆಸರು ಥೂಬಾನ್. ಅದನ್ನ ಬಟನ್ ಒತ್ತಿ ನಾವೇ ಓಡಿಸೋದಲ್ಲ. ನಾವು ಹೇಳಬೇಕು, ಅದು ತನ್ನ ಬುದ್ಧಿ ಓಡಿಸಿ ಹೊಡೆದಾಡಬೇಕು. ಗುಬ್ಬಿ ಕಡೆ ನಮ್ಮೂರಲ್ಲಿ ಎತ್ತು ಕಟ್ಟಿ ಬೆಳೆದವನು ನಾನು. ದೊಡ್ಡ ಜೀವವೊಂದು ನಮ್ಮ ಮಾತಿಗೆ ಕತ್ತು ತಿರುಗಿಸಿದ್ರೆ ಏನನ್ಸುತ್ತೆ ಅಂತ ನಂಗೊತ್ತು. ಆ ಟ್ರೇಲರ್ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಕನ್ಸೋಲ್ ತಗೊಂಡಿದ್ದೇ ಇದಕ್ಕೋಸ್ಕರ. ವಸಂತನರಸಾಪುರದ ಫ್ಯಾಕ್ಟರೀಲಿ ಓಟಿ ಮಾಡಿ, ಬೆಳಗಿನ ಜಾವ ಕಣ್ಣು ಎಳೀತಿರುವಾಗ ಬಸ್ಸಿಗೆ ಕಾದು ಕೂಡಿಟ್ಟ ದುಡ್ಡು ಅದು.

2015ರಲ್ಲಿ ಜರ್ಮನಿಯ ಗೇಮ್ ಮೇಳ ಗೇಮ್ಸ್‌ಕಾಮ್‌ನಲ್ಲಿ ಆಟ ಆಡೇ ತೋರಿಸಿದ್ರು. 2016ರ ಕೊನೆಗೆ ಬರುತ್ತೆ ಅಂದ್ರು. ಆಮೇಲೆ 2017ಕ್ಕೆ ತಳ್ಳಿದ್ರು. 2016ರ ಇ3ನಲ್ಲಿ ನಾಲ್ಕು ಜನ ಸೇರ್ಕೊಂಡು ಒಂದು ದೈತ್ಯನ್ನ ಹೊಡೆಯೋದು ತೋರಿಸಿದ್ರು. ಅದನ್ನ ನೋಡಿದ ವಾರದಲ್ಲೇ ನಾನು ಮುಂಗಡ ಕಟ್ಟಿದ್ದು. ‘ಪಕ್ಕಾ ಬರ್ತದೆ, ಮೊದಲ ಕಾಪಿ ನಿಂದೇ’ ಅಂದಿದ್ರು ಮಾಲೀಕರು. 2017ರ ಜನವರಿ 9ಕ್ಕೆ ರದ್ದು. ಒಂದು ಸಣ್ಣ ಹೇಳಿಕೆ, ಮುಗೀತು.

ಗೇಮ್ ಕಟ್ಟೋ ಸಾಫ್ಟ್‌ವೇರ್ ಅನ್ರಿಯಲ್ ಎಂಜಿನ್‌ನಲ್ಲಿ ಅನುಭವ ಸಾಲಲಿಲ್ಲ, ಆನ್‌ಲೈನ್ ಆಟ ಕೂಡಿಸೋದು ಕಷ್ಟ ಆಯ್ತು ಅಂತ ಕಮಿಯಾ ಅವರೇ ಎಷ್ಟೋ ವರ್ಷ ಆದ್ಮೇಲೆ ಒಪ್ಕೊಂಡ್ರು. ಕೆಲಸ ಗೊತ್ತಿರೋರಿಗೂ ಕೈ ಕೊಡುತ್ತೆ, ಅದು ನಂಗರ್ಥ ಆಗುತ್ತೆ. ನಮ್ಮ ಫ್ಯಾಕ್ಟರೀಲೂ ಹೊಸ ಮಷಿನ್ ಬಂದಾಗ ತಿಂಗಳುಗಟ್ಟಲೆ ಮಾಲು ಸರಿಯಾಗಿ ಬರಲ್ಲ. ಆದ್ರೆ ಸರಿಯಾಗದ ಮಾಲನ್ನ ಗಾಡಿಗೆ ಹೇರಿ ಊರೆಲ್ಲ ಮೆರವಣಿಗೆ ಮಾಡಲ್ಲ ನಾವು! ಒಳಗೆ ಆಟ ಕುಂಟ್ತಾ ಇರುವಾಗ ಹೊರಗೆ ವರ್ಷವರ್ಷ ಟ್ರೇಲರ್ ಬಿಡೋ ಈ ಚಾಳಿ ಇದೆಯಲ್ಲ, ಅದಕ್ಕೆ ನನ್ನ ಸಿಟ್ಟು. ಸ್ಕೇಲ್‌ಬೌಂಡ್ ಮಾಡ್ತಿದ್ದ ಪ್ಲಾಟಿನಂಗೇಮ್ಸ್ ಸ್ಟುಡಿಯೋದ್ದೇ ಇನ್ನೊಂದು ಗೇಮ್ ‘ನಿಯರ್: ಆಟೋಮಾಟಾ’ 2017ರಲ್ಲೇ ಬಂತು, ಪ್ಲೇಸ್ಟೇಷನ್‌ಗೆ. ನಮ್ಮ ಕನ್ಸೋಲ್‌ಗೆ ಬರೋಕೆ 2018 ಆಯ್ತು. ಅಲ್ಲೀತನಕ ಗೆಳೆಯನ ಮನೇಲಿ ಕೂತು ಅವನಾಡೋದನ್ನ ನೋಡ್ತಿದ್ದೆ.

ಮುಂಗಡದ ಚೀಟಿ ಇನ್ನೂ ಇದೆ. ನೀಲಿ ಪೆನ್ನಲ್ಲಿ ‘ಡ್ರ್ಯಾಗನ್ ಗೇಮ್, 1000 ಸಂದಾಯ’ ಅಂತ ಬರೆದು ಅಂಗಡಿ ಸೀಲ್ ಒತ್ತಿದಾರೆ. ಶನಿವಾರ ಅದನ್ನ ತಗೊಂಡು ಮತ್ತೆ ಹೋಗ್ತೀನಿ. ಬದಲಿಗೆ ಬೇರೆ ಸಿಡಿ ಕೊಡ್ತೀನಿ ಅಂದ್ರೆ ಕೇಳಲ್ಲ, ನಂಗೆ ನನ್ನ ದುಡ್ಡು ಬೇಕು.