ಟ್ಯಾಕ್ಸ್ ಕಟ್ಟುವಾಗ ಬಡವ, ಫಾರ್ಮ್ ತುಂಬುವಾಗ ಸಾಹುಕಾರ

ಅಮೆರಿಕದಲ್ಲಿ ಗಂಡನಿಗೋ ಹೆಂಡತಿಗೋ ಗ್ರೀನ್ ಕಾರ್ಡ್ ಮಾಡಿಸಬೇಕಾದರೆ ಐ-864 ಫಾರ್ಮ್ ತುಂಬಬೇಕು, ಅಂದರೆ ಬರುವವರನ್ನು ಸಾಕುವ ಹೊಣೆ ನನ್ನದು ಅನ್ನುವ ಕರಾರು ಪತ್ರ. ಕರೆಸಿಕೊಳ್ಳುವವರ ಮನೆಯ ಆದಾಯ ಎಷ್ಟು ಅಂತ ಕೇಳುವುದು ಅದರಲ್ಲೇ. ಇಲ್ಲಿನ ನಮ್ಮ ಜನ ಆ ಕಾಲಂಗೆ ಬಂದ ಕೂಡಲೇ ಯಾಕೋ ಹೆಣ್ಣು ನೋಡಲು ಹೋದ ಗಂಡಿನ ಕಡೆಯವರಂತಾಗುತ್ತಾರೆ. ಇದ್ದದ್ದಕ್ಕೆ ಸ್ವಲ್ಪ ಸೇರಿಸಿಯೇ ಹೇಳಬೇಕು!

ಸರ್ಕಾರ ಕೇಳುವ ಮೊತ್ತ ಅಷ್ಟೇನೂ ದೊಡ್ಡದಲ್ಲ. ಬಡತನ ರೇಖೆಯ ಶೇ. 125ರಷ್ಟು ಆದಾಯವಿದ್ದರೆ ಸಾಕು. 2025ರ ಪಟ್ಟಿಯ ಪ್ರಕಾರ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಅದು ವರ್ಷಕ್ಕೆ 26,437 ಡಾಲರ್ ಇತ್ತು. ಅಲಾಸ್ಕಾ, ಹವಾಯಿಗೆ ಬೇರೆ ಪಟ್ಟಿ ಇದೆ. ಮಕ್ಕಳಿದ್ದರೆ ತಲೆ ಲೆಕ್ಕದಲ್ಲಿ ಮೊತ್ತ ಏರುತ್ತದೆ. ಬರುವವರನ್ನೂ ಸೇರಿಸಿಯೇ ತಲೆ ಎಣಿಸಬೇಕು, ಅದನ್ನು ಮರೆಯುವವರಿದ್ದಾರೆ.

ಐಟಿ ಕೆಲಸದಲ್ಲಿ ಇರುವವರಿಗೆ ಇದು ಯಾವ ಲೆಕ್ಕ ಅಂತೀರಾ? ಕೆಲಸ ಇರುವ ತನಕ ಸರಿ. ಫಾರ್ಮ್ ಕೇಳುವುದು ಈಗಿನ ವಾರ್ಷಿಕ ಆದಾಯ. ಹೋದ ವರ್ಷದ ಟ್ಯಾಕ್ಸ್ ರಿಟರ್ನ್ ಜೊತೆಗಿಡಲೇಬೇಕು, ಬೇಕಿದ್ದರೆ ಹಿಂದಿನ ಮೂರು ವರ್ಷದ್ದನ್ನೂ ಇಡಬಹುದು. ಆದರೆ ಮಾರ್ಚ್‌ನಲ್ಲಿ ಲೇಆಫ್ ಆಗಿ ಮನೆಯಲ್ಲಿ ಕೂತವರು ಹೋದ ವರ್ಷದ ಸಂಬಳವನ್ನೇ ಈ ವರ್ಷದ್ದೆಂದು ಬರೆದರೆ ಅದು ಸುಳ್ಳೇ. ರಿಟರ್ನ್‌ನಲ್ಲಿ ಇದೆಯಲ್ಲ ಅನ್ನುವ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಸ್ವಂತ ವ್ಯಾಪಾರದವರದ್ದು ಇನ್ನೊಂದು ಕಥೆ. ಅಂಗಡಿ ವಹಿವಾಟು ಎರಡು ಲಕ್ಷ ಡಾಲರ್ ಅಂತ ಎಲ್ಲರ ಮುಂದೆ ಹೇಳುತ್ತಾರೆ. ಟ್ಯಾಕ್ಸ್ ಕಟ್ಟುವಾಗ ಕಾರು, ಫೋನು, ಪೆಟ್ರೋಲು ಎಲ್ಲ ಖರ್ಚು ಕಳೆದು ಹದಿನೆಂಟು ಸಾವಿರ ಲಾಭ ತೋರಿಸುತ್ತಾರೆ. ಅದು ಕಾನೂನಿನೊಳಗೇ ಇರಬಹುದು, ಬಿಡಿ. ಆದರೆ ಐ-864ಕ್ಕೆ ಲೆಕ್ಕ ಆ ಹದಿನೆಂಟು ಸಾವಿರವೇ. ಎರಡೂ ಕಡೆ ಅನುಕೂಲ ಬೇಕು ಅಂದರೆ ಹೇಗೆ?

ನನಗೆ ನಿಜಕ್ಕೂ ಬೇಸರ ಆಗುವುದು ಸಂಗಾತಿಯ ಸಂಬಳದ ವಿಷಯಕ್ಕೆ. ಬೆಂಗಳೂರಿನಲ್ಲಿ ವರ್ಷಕ್ಕೆ ಮೂವತ್ತು ಲಕ್ಷ ದುಡಿಯುವ ಹುಡುಗಿ ಮದುವೆಯಾಗಿ ಇಲ್ಲಿಗೆ ಬರುತ್ತಾಳೆ ಅಂದುಕೊಳ್ಳಿ. ಬಂದ ಮೇಲೂ ಅದೇ ಕೆಲಸದಿಂದ ಆ ಸಂಬಳ ಬರುವುದಿಲ್ಲ ಅಂದರೆ ಅವಳ ಲೆಕ್ಕ ಸೊನ್ನೆ. ಇಲ್ಲೇ ಗಂಡನ ಜೊತೆ ಇದ್ದು, ಕೆಲಸದ ಪರ್ಮಿಟ್ ಪಡೆದು ದುಡಿಯುತ್ತಿದ್ದು, ಕೆಲಸ ಮುಂದುವರಿಯುವುದಾದರೆ ಆ ಸಂಬಳ ಸೇರಿಸಬಹುದು. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕಿದಾಗ ಹೆಂಡತಿಯ ಬೆಂಗಳೂರಿನ ಸಂಬಳವೂ ಒಟ್ಟು ಆದಾಯದಲ್ಲಿ ಸೇರಿ ಮೊತ್ತ ದೊಡ್ಡದಾಗಿ ಕಾಣುತ್ತದೆ. ಆ ಮೊತ್ತ ಹಿಡಿದು ಹಿಗ್ಗಬೇಡಿ. ಗಂಡನ ಪಾಲು ಎಷ್ಟು ಅಂತ ಅವನ ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳದ ಲೆಕ್ಕಪತ್ರ) ಇಟ್ಟು ತೋರಿಸಬೇಕು. ಅವಳ ದುಡಿಮೆ ಎಣಿಕೆಗೆ ಬಾರದ್ದು ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸಿದೆ. ಆದರೂ ನಿಯಮದ ತರ್ಕ ಅರ್ಥವಾಗುತ್ತದೆ. ಇಲ್ಲಿಗೆ ಬಂದಿಳಿದ ಮೇಲೆ ಮನೆ ನಡೆಯುವುದು ಯಾವ ದುಡ್ಡಿನಿಂದ ಅನ್ನುವುದಷ್ಟೇ ಅವರ ಪ್ರಶ್ನೆ.

ಆದಾಯ ಸಾಲದಿದ್ದರೆ ದಾರಿಗಳಿವೆ. ಆಸ್ತಿ ತೋರಿಸಬಹುದು. ಆದರೆ ಕಡಿಮೆ ಬಿದ್ದ ಮೊತ್ತದ ಐದು ಪಟ್ಟು ಬೇಕು, ಅಮೆರಿಕದ ಪ್ರಜೆ ತನ್ನ ಸಂಗಾತಿಗೆ ಮಾಡಿಸುವಾಗ ಮೂರು ಪಟ್ಟು ಸಾಕು. ಅದೂ ಒಂದು ವರ್ಷದೊಳಗೆ ನಗದು ಮಾಡುವಂಥ ಆಸ್ತಿಯಾಗಿರಬೇಕು. ಅಣ್ಣ ತಮ್ಮಂದಿರ ಜೊತೆ ಇನ್ನೂ ಪಾಲಾಗದ ಮೈಸೂರಿನ ಮನೆಯನ್ನು ಇಲ್ಲಿ ಎಳೆದು ತರುವುದು ಸುಮ್ನೆ ತಲೆನೋವು. ಇಲ್ಲಿ ನಿಮ್ಮ ಮನೆಯಲ್ಲೇ ಜೊತೆಗಿರುವ ಅಪ್ಪ, ಅಮ್ಮ, ಅಣ್ಣನ ಆದಾಯವನ್ನು ಐ-864ಎ ಫಾರ್ಮಿಗೆ ಅವರ ಸಹಿ ಹಾಕಿಸಿ ಸೇರಿಸಬಹುದು. ಅಣ್ಣ ಬೇರೆ ಊರಲ್ಲಿದ್ದರೆ ಅದಾಗುವುದಿಲ್ಲ, ಅವನು ಜಾಯಿಂಟ್ ಸ್ಪಾನ್ಸರ್, ಅಂದರೆ ನಿಮ್ಮ ಜೊತೆಗೆ ತಾನೂ ಹೊಣೆ ಹೊರುವವನು, ಆಗಬೇಕು. ಜಾಯಿಂಟ್ ಸ್ಪಾನ್ಸರ್ ಆಗಲು ನೆಂಟರೇ ಆಗಬೇಕಿಲ್ಲ, ಇಲ್ಲಿ ನೆಲೆಸಿರುವ ಪ್ರಜೆಯೋ ಗ್ರೀನ್ ಕಾರ್ಡ್ ಇದ್ದವರೋ ಆಗಿರಬೇಕು.

ಮರ್ಯಾದೆ ಅಡ್ಡ ಬರುವುದು ಇಲ್ಲೇ. ಹೆಂಡತಿಯನ್ನು ಕರೆಸಿಕೊಳ್ಳಲು ಭಾವನ ಸಹಿ ಬೇಕಾಯಿತು ಅಂತ ಊರಲ್ಲಿ ಗೊತ್ತಾದರೆ ಅನ್ನುವ ಭಯ. ಅದಕ್ಕೆ ಸ್ನೇಹಿತನ ಕಂಪನಿಯಿಂದ ಇಲ್ಲದ ಕೆಲಸದ ಪತ್ರ ಬರೆಸಿಕೊಳ್ಳುವ ಯೋಚನೆ ಮಾಡುತ್ತಾರೆ. ಭಾವನ ಸಹಿಗಿಂತ ಈ ಪತ್ರ ಮರ್ಯಾದೆಯದ್ದು ಅಂತ ಹೇಗೆ ಅನ್ನಿಸುತ್ತದೋ ದೇವರೇ ಬಲ್ಲ. ಫಾರ್ಮಿನ ಕೊನೆಯಲ್ಲಿ ಹಾಕುವ ಸಹಿ ಪ್ರಮಾಣ ಮಾಡಿ ಹೇಳಿದ್ದಕ್ಕೆ ಸಮ. ಸಿಕ್ಕಿಬಿದ್ದರೆ ಹೆಂಡತಿಯ ಗ್ರೀನ್ ಕಾರ್ಡ್‌ಗೂ ಕುತ್ತು.

ಇನ್ನು ಭಾವನ ಕಡೆಯಿಂದಲೂ ನೋಡಿ. ಅವರು ಹಾಕುವ ಸಹಿ ಬರೀ ಶಿಫಾರಸು ಅಲ್ಲ, ಕೋರ್ಟಿನಲ್ಲಿ ನಿಲ್ಲುವ ಕರಾರು. ಬಂದವರು ಪ್ರಜೆಯಾಗುವ ತನಕ, ಇಲ್ಲವೇ ಅವರ ಲೆಕ್ಕಕ್ಕೆ ಸುಮಾರು ಹತ್ತು ವರ್ಷದ ದುಡಿಮೆ ಸೇರುವ ತನಕ ಸಾಮಾನ್ಯವಾಗಿ ಆ ಹೊಣೆ ಉಳಿಯುತ್ತದೆ. ಗಂಡ ಹೆಂಡತಿ ವಿಚ್ಛೇದನ ಪಡೆದರೂ ಮುಗಿಯುವುದಿಲ್ಲ. ಗಂಡನಿಗೂ ಅಷ್ಟೇ, ಭಾವನಿಗೂ ಅಷ್ಟೇ. ಹಾಗಾಗಿ ಕೇಳುವಾಗ ಪೂರ್ತಿ ವಿಷಯ ತಿಳಿಸಿ ಕೇಳಿ. ಅವರು ಆಗಲ್ಲ ಅಂದರೆ ಮುಂದಿನ ಹಬ್ಬಕ್ಕೆ ಮಾತು ಬಿಡಬೇಡಿ, ಇನ್ನೊಬ್ಬರನ್ನು ಕೇಳಿ.